ಅಲಾಸ್ಕಾದಿಂದ ಬ್ರೈಟನ್ ಬೀಚ್‌ವರೆಗೆ: ಅಮೆರಿಕದ ರಷ್ಯನ್ನರು ಎಲ್ಲಿಂದ ಬಂದರು?

2025ರ ಆಗಸ್ಟ್ 15. ನಮ್ಮಲ್ಲಿ ಸ್ವಾತಂತ್ರ್ಯ ದಿನದ ರಾತ್ರಿ ಕಳೆಯುವ ಹೊತ್ತಿಗೆ ಅಲಾಸ್ಕಾದ ಆಂಕರೇಜ್‌ನಲ್ಲಿ ಟ್ರಂಪ್ ಮತ್ತು ಪುಟಿನ್ ಕೈ ಕುಲುಕುತ್ತಿದ್ದರು. ಮರುದಿನ ಟೀ ಅಂಗಡಿಯಲ್ಲೂ ಫ್ಯಾಮಿಲಿ ಗ್ರೂಪಿನಲ್ಲೂ ಒಂದೇ ಮಾತು. ಅಲಾಸ್ಕಾ ಮೊದಲು ರಷ್ಯಾದ್ದಾಗಿತ್ತಂತೆ, ಹೌದಾ? ಅಷ್ಟು ದೊಡ್ಡ ಜಾಗ ಮಾರಿದ್ದು ಯಾಕೆ? ಇಷ್ಟು ಜಗಳ ಇದ್ದರೂ ಅಮೆರಿಕದಲ್ಲಿ ಅಷ್ಟೊಂದು ರಷ್ಯನ್ನರು ಇರೋದು ಹೇಗೆ?

ಈ ಮೂರೂ ಪ್ರಶ್ನೆಗೆ ಉತ್ತರ ಒಂದೇ ಕತೆಯಲ್ಲಿದೆ. ಎರಡು ಸರ್ಕಾರಗಳ ನಡುವಿನ ಸ್ನೇಹ ಮತ್ತು ಜಗಳ ಆ ಕತೆಯ ಒಂದು ಎಳೆ. ಊರು ಬಿಟ್ಟು ಹಡಗು ಹತ್ತಿದ ಜನ ಇನ್ನೊಂದು ಎಳೆ. ಸುದ್ದಿಯಲ್ಲಿ ನಮಗೆ ಮೊದಲನೆಯದೇ ಜಾಸ್ತಿ ಕಾಣುತ್ತದೆ. ನನಗೆ ಎರಡನೆಯದೇ ಮುಖ್ಯ ಅನ್ನಿಸುತ್ತದೆ, ಅದು ಗೊತ್ತಿಲ್ಲದೆ ಮೊದಲನೆಯದು ಅರ್ಥವೂ ಆಗುವುದಿಲ್ಲ.

## ಮೊದಲು ಒಂದು ಪದದ ಗೊಂದಲ ಬಿಡಿಸೋಣ

ರಷ್ಯನ್ ಭಾಷೆಯಲ್ಲಿ ಎರಡು ಪದಗಳಿವೆ. ‘ರೂಸ್ಕಿ’ ಅಂದರೆ ಹುಟ್ಟಿನಿಂದ, ಮನೆಮಾತಿನಿಂದ ರಷ್ಯನ್. ‘ರೊಸಿಯಾನಿನ್’ ಅಂದರೆ ರಷ್ಯಾ ದೇಶದ ಪ್ರಜೆ. ನಮ್ಮಲ್ಲಿ ಕನ್ನಡಿಗ, ಭಾರತೀಯ ಅಂತ ಎರಡು ಪದ ಇಲ್ವಾ, ಹಾಗೆ. ರಷ್ಯಾದಲ್ಲೇ ಇರುವ ಬೇರೆ ಕುಲದವನು, ಉದಾಹರಣೆಗೆ ಒಬ್ಬ ತಾತಾರ್ ಮನುಷ್ಯ, ರೊಸಿಯಾನಿನ್ ಆಗಬಹುದು, ಆದರೆ ರೂಸ್ಕಿ ಅಲ್ಲ. ಕನ್ನಡದಲ್ಲಿ ನಾವು ಎರಡನ್ನೂ ‘ರಷ್ಯನ್’ ಅಂತಲೇ ಹೇಳಿಬಿಡುತ್ತೇವೆ. ಅಮೆರಿಕದವರೂ ಹಾಗೇ ಮಾಡಿದರು.

ಝಾರ್‌ಗಳ, ಅಂದರೆ ದೊರೆಗಳ ಕಾಲದ ರಷ್ಯಾ ಬರೀ ಇವತ್ತಿನ ರಷ್ಯಾ ಆಗಿರಲಿಲ್ಲ. ಈಗಿನ ಉಕ್ರೇನ್, ಬೆಲರೂಸ್, ಲಿಥುವೇನಿಯಾ, ಪೋಲೆಂಡಿನ ದೊಡ್ಡ ಭಾಗ, ಜಾರ್ಜಿಯಾ, ಅರ್ಮೇನಿಯಾ, ಮಧ್ಯ ಏಷ್ಯಾ ಎಲ್ಲ ಒಂದೇ ಸಾಮ್ರಾಜ್ಯದೊಳಗಿದ್ದವು. ಅಲ್ಲಿಂದ ನ್ಯೂಯಾರ್ಕ್ ಬಂದರಿನಲ್ಲಿ ಇಳಿದವರು ಯಾರೇ ಇರಲಿ, ಕಾಗದದಲ್ಲಿ ‘ರಷ್ಯಾ’ ಅಂತ ಬೀಳುತ್ತಿತ್ತು. ಒಂದು ಕಾಲಕ್ಕೆ ಉತ್ತರ ಭಾರತದವರಿಗೆ ಮೈಸೂರಿನವರು, ಮಧುರೆಯವರು, ಗುಂಟೂರಿನವರು ಎಲ್ಲರೂ ‘ಮದ್ರಾಸಿ’ಗಳೇ ಆಗಿದ್ದರಲ್ಲ, ಇದೂ ಅದೇ ಥರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

## ತುಪ್ಪಳದ ಬೆನ್ನು ಹತ್ತಿ ಸಮುದ್ರ ದಾಟಿದವರು

ಅಮೆರಿಕಕ್ಕೆ ಬಂದ ಮೊದಲ ರಷ್ಯನ್ನರು ಅಟ್ಲಾಂಟಿಕ್ ದಾಟಲಿಲ್ಲ. ಹಿಂಬಾಗಿಲಿನಿಂದ, ಅಂದರೆ ಸೈಬೀರಿಯಾದ ಕಡೆಯಿಂದ ಬಂದರು.

1741ರಲ್ಲಿ ರಷ್ಯಾದ ಸೇವೆಯಲ್ಲಿದ್ದ ಡೆನ್ಮಾರ್ಕಿನ ನಾವಿಕ ವೀಟಸ್ ಬೇರಿಂಗ್‌ನ ಹಡಗು ಅಲಾಸ್ಕಾ ತೀರ ಮುಟ್ಟಿತು. ಬೇರಿಂಗ್ ವಾಪಸಾಗುವ ದಾರಿಯಲ್ಲೇ ತೀರಿಕೊಂಡ. ಬದುಕಿ ಬಂದವರು ಕಡಲ ನೀರುನಾಯಿಯ ತುಪ್ಪಳ ತಂದಿದ್ದರು. ಆ ತುಪ್ಪಳ ಎಷ್ಟು ದಟ್ಟ, ಎಷ್ಟು ಮೆತ್ತಗೆ ಅಂದರೆ ಚೀನಾದ ಶ್ರೀಮಂತರು ಕೇಳಿದಷ್ಟು ಬೆಲೆ ಕೊಡುತ್ತಿದ್ದರು. ಅಷ್ಟು ಸಾಕಾಯಿತು. ಸೈಬೀರಿಯಾದ ಬೇಟೆಗಾರರು ಗುಂಪು ಗುಂಪಾಗಿ ದೋಣಿ ಕಟ್ಟಿಕೊಂಡು ಹೊರಟರು.

1784ರಲ್ಲಿ ವ್ಯಾಪಾರಿ ಗ್ರಿಗೊರಿ ಶೆಲಿಖೊವ್ ಕೊಡಿಯಾಕ್ ದ್ವೀಪದಲ್ಲಿ ಮೊದಲ ಕಾಯಂ ನೆಲೆ ಮಾಡಿದ. 1799ರಲ್ಲಿ ಝಾರ್ ‘ರಷ್ಯನ್-ಅಮೆರಿಕನ್ ಕಂಪನಿ’ಗೆ ಸನ್ನದು ಕೊಟ್ಟ. ಇದು ಏನು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ, ಈಸ್ಟ್ ಇಂಡಿಯಾ ಕಂಪನಿ ನಮಗೆ ಗೊತ್ತಲ್ಲ. ವ್ಯಾಪಾರದ ಹೆಸರಲ್ಲಿ ಆಡಳಿತ, ಅದೇ ಲೆಕ್ಕ. ನೀರುನಾಯಿ ಬೇಟೆಯಾಡುವ ಕಲೆ ಅಲ್ಲಿನ ಅಲ್ಯೂಟ್ ಜನರಿಗೆ ಗೊತ್ತಿತ್ತು, ರಷ್ಯನ್ನರಿಗೆ ಗೊತ್ತಿರಲಿಲ್ಲ. ಹಾಗಾಗಿ ಹೆಂಗಸರು ಮಕ್ಕಳನ್ನು ಒತ್ತೆ ಇಟ್ಟುಕೊಂಡು ಗಂಡಸರನ್ನು ಬೇಟೆಗೆ ಕಳಿಸಿದರು. ಹಿಂಸೆ ಮತ್ತು ಹೊಸ ರೋಗಗಳಿಂದ ಅಲ್ಯೂಟರ ಸಂಖ್ಯೆ ಕುಸಿದುಹೋಯಿತು. ದಕ್ಷಿಣದ ಟ್ಲಿಂಗಿಟ್ ಜನ ಮಾತ್ರ ಸುಲಭಕ್ಕೆ ಮಣಿಯಲಿಲ್ಲ. 1802ರಲ್ಲಿ ಸಿಟ್ಕಾದ ಕೋಟೆಯನ್ನೇ ಸುಟ್ಟರು. 1804ರಲ್ಲಿ ಕಂಪನಿ ಫಿರಂಗಿ ಹಡಗಿನೊಂದಿಗೆ ವಾಪಸ್ ಬಂದು ಅಲ್ಲೇ ರಾಜಧಾನಿ ಕಟ್ಟಿತು.

ಇಡೀ ಅಲಾಸ್ಕಾದಲ್ಲಿ ರಷ್ಯನ್ನರ ಸಂಖ್ಯೆ ಯಾವತ್ತೂ ಸಾವಿರ ಮುಟ್ಟಲಿಲ್ಲ ಅನ್ನುವುದು ಗಮನಿಸಬೇಕಾದ ವಿಷಯ. ಊಟಕ್ಕೇ ಕಷ್ಟ. ಧಾನ್ಯ ಬೆಳೆಯಲು 1812ರಲ್ಲಿ ಕ್ಯಾಲಿಫೋರ್ನಿಯಾದ ತೀರದಲ್ಲಿ ಫೋರ್ಟ್ ರಾಸ್ ಅಂತ ಒಂದು ನೆಲೆ ಮಾಡಿದರು. ಅದೂ ಸರಿಹೋಗದೆ 1841ರಲ್ಲಿ ಮಾರಿದರು.

ಹೋದವರು ಬಿಟ್ಟುಹೋದದ್ದು ಧರ್ಮ. 1794ರಲ್ಲಿ ಬಂದ ಆರ್ಥೊಡಾಕ್ಸ್ ಸನ್ಯಾಸಿಗಳಲ್ಲಿ ಹರ್ಮನ್ ಅನ್ನುವವರು ಕಂಪನಿಯ ದೌರ್ಜನ್ಯದ ವಿರುದ್ಧ ಅಲ್ಲಿನ ಜನರ ಪರ ನಿಂತರು. ಆಮೇಲೆ ಬಂದ ಪಾದ್ರಿ ಇವಾನ್ ವೆನಿಯಾಮಿನೊವ್ ಅಲ್ಯೂಟ್ ಭಾಷೆ ಕಲಿತು, ಅದಕ್ಕೊಂದು ಲಿಪಿ ರೂಪಿಸಿದರು. ಇವತ್ತಿಗೂ ಅಲಾಸ್ಕಾದ ಹಳ್ಳಿಗಳಲ್ಲಿ ಈರುಳ್ಳಿ ಆಕಾರದ ಗುಮ್ಮಟದ ಚರ್ಚುಗಳಿವೆ. ಒಳಗೆ ಪ್ರಾರ್ಥನೆ ಮಾಡುವವರು ಬಹುಪಾಲು ಅಲ್ಯೂಟರು, ಯೂಪಿಕರು, ಟ್ಲಿಂಗಿಟರು. ಅವರ ಕ್ರಿಸ್‌ಮಸ್ ಜನವರಿ 7ಕ್ಕೆ.

## ಮಾರಿದ್ದು ಯಾಕೆ?

1853ರಿಂದ 1856ರವರೆಗೆ ಕ್ರಿಮಿಯನ್ ಯುದ್ಧ ನಡೆಯಿತು. ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರಷ್ಯಾವನ್ನು ಸೋಲಿಸಿದವು. ಬೊಕ್ಕಸ ಖಾಲಿ. ನೀರುನಾಯಿಗಳೂ ಹೆಚ್ಚುಕಡಿಮೆ ಖಾಲಿ. ಅಲಾಸ್ಕಾದ ಪಕ್ಕದಲ್ಲೇ ಬ್ರಿಟಿಷರ ಕೆನಡಾ ಇತ್ತು. ಮತ್ತೆ ಯುದ್ಧವಾದರೆ ಬ್ರಿಟಿಷರು ಅಲಾಸ್ಕಾವನ್ನು ಸುಮ್ನೆ ಎತ್ತಿಕೊಂಡು ಹೋಗುತ್ತಾರೆ, ತಡೆಯಲು ನಮ್ಮ ಹತ್ತಿರ ಸೈನ್ಯ ಇಲ್ಲ ಅಂತ ಝಾರ್ ಎರಡನೇ ಅಲೆಕ್ಸಾಂಡರ್‌ಗೆ ಗೊತ್ತಿತ್ತು. ಕಾಯಲಾಗದ ದೂರದ ಹೊಲವನ್ನು ಒತ್ತುವರಿ ಆಗುವ ಮೊದಲೇ ಸ್ನೇಹಿತನಿಗೆ ಮಾರಿದ ಹಾಗೆ ಅಂದುಕೊಳ್ಳಿ.

ಸ್ನೇಹಿತ ಅಂತ ಸುಮ್ನೆ ಹೇಳಲಿಲ್ಲ. ಆಗ ಎರಡೂ ದೇಶ ನಿಜಕ್ಕೂ ಹತ್ತಿರವಿದ್ದವು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ ರಷ್ಯಾದ ಸೈನಿಕರನ್ನು ಕೇಳಿದಾಗ ರಾಣಿ ಕ್ಯಾಥರೀನ್ ಒಪ್ಪಿರಲಿಲ್ಲ. ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ, ರಷ್ಯಾದ ನೌಕಾಪಡೆಯ ಹಡಗುಗಳು ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಬಂದರಿಗೆ ಬಂದು ನಿಂತವು. 1861ರಲ್ಲಿ ಅಲೆಕ್ಸಾಂಡರ್ ಜೀತದ ರೈತರನ್ನು ಬಿಡುಗಡೆ ಮಾಡಿದ್ದ, 1863ರಲ್ಲಿ ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆ ಮಾಡಿದರು. ಇಬ್ಬರಿಗೂ ಬ್ರಿಟನ್ ಮೇಲೆ ಅನುಮಾನ. ಸ್ನೇಹಕ್ಕೆ ಅಷ್ಟು ಸಾಕಲ್ವಾ?

1867ರ ಮಾರ್ಚ್ 29ರ ರಾತ್ರಿ ಅಮೆರಿಕದ ವಿದೇಶಾಂಗ ಮಂತ್ರಿ ವಿಲಿಯಂ ಸೀವರ್ಡ್ ಮನೆಯಲ್ಲಿ ಇಸ್ಪೀಟು ಆಡುತ್ತಾ ಕೂತಿದ್ದರು. ರಷ್ಯಾದ ರಾಯಭಾರಿ ಎಡ್ವರ್ಡ್ ಸ್ಟೋಕಲ್ ಬಂದು, ಝಾರ್ ಒಪ್ಪಿದ್ದಾರೆ, ನಾಳೆ ಕಚೇರಿಯಲ್ಲಿ ಕೂತು ಕರಾರು ಮುಗಿಸೋಣ ಅಂದರು. ನಾಳೆವರೆಗೆ ಯಾಕೆ ಕಾಯೋದು, ಈಗಲೇ ಮುಗಿಸೋಣ ಅಂತ ಸೀವರ್ಡ್ ಇಸ್ಪೀಟು ಬದಿಗಿಟ್ಟು ಎದ್ದರು. ಗುಮಾಸ್ತರನ್ನು ಎಬ್ಬಿಸಿ ಕರೆಸಿದರು. ಬೆಳಗಿನ ಜಾವ ನಾಲ್ಕಕ್ಕೆ ಸಹಿ ಬಿತ್ತು. ಬೆಲೆ 72 ಲಕ್ಷ ಡಾಲರ್, ಎಕರೆಗೆ ಸುಮಾರು 2 ಸೆಂಟ್. ಅಲಾಸ್ಕಾ ಎಷ್ಟು ದೊಡ್ಡದು ಅಂದರೆ ನಮ್ಮ ಕರ್ನಾಟಕದಂಥ ಒಂಬತ್ತು ಹತ್ತಿರ ಹತ್ತಿರ ಅದರಲ್ಲಿ ಹಿಡಿಸುತ್ತವೆ. ಅದು ಗುತ್ತಿಗೆ ಅಷ್ಟೇ, ಮಾರಾಟ ಅಲ್ಲ ಅನ್ನುವ ಮಾತು ರಷ್ಯಾದಲ್ಲಿ ಈಗಲೂ ಓಡಾಡುತ್ತದೆ. ಕರಾರಿನಲ್ಲಿ ಗುತ್ತಿಗೆಯ ಮಾತೇ ಇಲ್ಲ, ಪೂರ್ತಿ ಬಿಟ್ಟುಕೊಟ್ಟದ್ದು.

ಅದೇ ವರ್ಷದ ಅಕ್ಟೋಬರ್ 18ರಂದು ಸಿಟ್ಕಾದ ಗುಡ್ಡದ ಮೇಲೆ ಹಸ್ತಾಂತರ ನಡೆಯಿತು. ರಷ್ಯಾದ ಬಾವುಟ ಇಳಿಸಲು ಹಗ್ಗ ಎಳೆದರೆ ಬಾವುಟ ಕಂಬಕ್ಕೆ ಸುತ್ತಿಕೊಂಡು ನಿಂತುಬಿಟ್ಟಿತು. ಎಳೆದಷ್ಟೂ ಬಿಗಿಯಾಯಿತು. ಕೊನೆಗೆ ಹಗ್ಗದ ಕುರ್ಚಿಯಲ್ಲಿ ಒಬ್ಬನನ್ನು ಮೇಲೆ ಎತ್ತಿ ಬಿಡಿಸಿದರು. ಅವನ ಕೈಯಿಂದ ಜಾರಿದ ಬಾವುಟ ಕೆಳಗೆ ಸಾಲಾಗಿ ನಿಂತಿದ್ದ ರಷ್ಯಾದ ಸೈನಿಕರ ಬಂದೂಕಿನ ಮೊನೆಗಳ ಮೇಲೆ ಬಿತ್ತು. ಗವರ್ನರ್ ಮಕ್ಸುತೊವ್ ಅವರ ಹೆಂಡತಿ ಅದನ್ನು ನೋಡಿ ಅತ್ತರು. ಕ್ಯಾಲೆಂಡರ್ ಕೂಡ ಅಂದೇ ಬದಲಾಯಿತು. ರಷ್ಯಾದ ಹಳೆಯ ಪಂಚಾಂಗ ಬಿಟ್ಟದ್ದರಿಂದ, ದಿನರೇಖೆಯೂ ಅಲಾಸ್ಕಾದ ಆಚೆಬದಿಗೆ ಸರಿದದ್ದರಿಂದ, ಅಲ್ಲಿನವರಿಗೆ ಅಕ್ಟೋಬರ್ 6ರ ಶುಕ್ರವಾರ ಕಳೆದು ಬೆಳಗಾದರೆ ಅಕ್ಟೋಬರ್ 18, ಮತ್ತೆ ಶುಕ್ರವಾರ.

ಟ್ಲಿಂಗಿಟ್ ಜನರನ್ನು ಯಾರೂ ಕೇಳಲಿಲ್ಲ. ನೆಲ ನಮ್ಮದು, ರಷ್ಯನ್ನರಿಗೆ ಮಾರಲು ಇಲ್ಲಿ ಏನಿತ್ತು ಅನ್ನುವುದು ಅವರ ವಾದವಾಗಿತ್ತು.

## 1881: ನಿಜವಾದ ವಲಸೆ ಶುರುವಾದ ವರ್ಷ

ಅಲಾಸ್ಕಾ ಮಾರಿದ ಅದೇ ಎರಡನೇ ಅಲೆಕ್ಸಾಂಡರ್‌ನನ್ನು 1881ರಲ್ಲಿ ಕ್ರಾಂತಿಕಾರಿಗಳು ಬಾಂಬ್ ಹಾಕಿ ಕೊಂದರು. ಇದನ್ನು ಯಹೂದಿಗಳೇ ಮಾಡಿಸಿದ್ದು ಅನ್ನುವ ಗುಲ್ಲು ಹಬ್ಬಿತು. ಊರೂರಲ್ಲಿ ಯಹೂದಿಗಳ ಮನೆ, ಅಂಗಡಿಗಳ ಮೇಲೆ ಜನ ಬಿದ್ದರು. ಇಂಥ ಗುಂಪು ಹಿಂಸೆಗೆ ರಷ್ಯನ್ನಿನಲ್ಲಿ ‘ಪೋಗ್ರೋಮ್’ ಅನ್ನುತ್ತಾರೆ.

ಮೊದಲೇ ಅವರ ಬದುಕು ಕಟ್ಟಿಹಾಕಿದ ಹಾಗಿತ್ತು. ಸಾಮ್ರಾಜ್ಯದ ಪಶ್ಚಿಮದ ಪಟ್ಟಿಯೊಂದರಲ್ಲಿ ಮಾತ್ರ ಯಹೂದಿಗಳು ನೆಲೆಸಬಹುದಿತ್ತು, ಅದರಾಚೆ ವಿಶೇಷ ಅನುಮತಿ ಬೇಕು. 1882ರ ಕಾನೂನು ಆ ಪಟ್ಟಿಯೊಳಗೂ ಹಳ್ಳಿಗಳಲ್ಲಿ ಹೊಸದಾಗಿ ನೆಲೆಸುವುದನ್ನು ನಿಲ್ಲಿಸಿತು. 1903ರಲ್ಲಿ ಕಿಶಿನೆವ್ ಪಟ್ಟಣದ ಪೋಗ್ರೋಮ್‌ನಲ್ಲಿ 49 ಯಹೂದಿಗಳು ಸತ್ತರು. 1881ರಿಂದ 1914ರೊಳಗೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದರು. ಅದರಲ್ಲಿ ದೊಡ್ಡ ಪಾಲು ರಷ್ಯಾ ಸಾಮ್ರಾಜ್ಯದವರು. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನ ಗಾಳಿ ಬೆಳಕಿಲ್ಲದ ಕಟ್ಟಡಗಳಲ್ಲಿ, ಒಂದು ಕೋಣೆಯಲ್ಲಿ ಇಡೀ ಸಂಸಾರ, ಅಲ್ಲೇ ಹೊಲಿಗೆ ಮಷೀನು. ಅವರ ಮನೆಮಾತು ಯಿಡ್ಡಿಶ್. ಆದರೂ ಅಮೆರಿಕದ ಲೆಕ್ಕದಲ್ಲಿ ಅವರು ‘ರಷ್ಯಾದವರು’.

ಈ ಜನ ಅಲ್ಲಿ ನೆಲೆಯೂರಿದ ಮೇಲೆ ಎರಡು ಸರ್ಕಾರಗಳ ಸಂಬಂಧವೂ ಬದಲಾಯಿತು. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಹೋದ ಯಹೂದಿಗಳನ್ನೂ ರಷ್ಯಾ ತನ್ನ ಹಳೆಯ ಕಾನೂನಿನಂತೆಯೇ ನಡೆಸಿಕೊಳ್ಳುತ್ತಿತ್ತು. ಅದರ ವಿರುದ್ಧ ಎದ್ದ ಕೂಗು ಎಷ್ಟು ಜೋರಾಯಿತೆಂದರೆ 1911ರ ಡಿಸೆಂಬರ್‌ನಲ್ಲಿ ಅಮೆರಿಕದ ಕೆಳಮನೆ 1832ರಿಂದ ಇದ್ದ ವ್ಯಾಪಾರ ಒಪ್ಪಂದವನ್ನು ಮುರಿಯಲು 301ಕ್ಕೆ 1 ಮತದಿಂದ ತೀರ್ಮಾನಿಸಿತು. ವಲಸೆ ಬಂದವರು ವಿದೇಶಾಂಗ ನೀತಿಯನ್ನೇ ತಿರುಗಿಸಿದ್ದು ಇಲ್ಲಿ ನೋಡಬಹುದು. ಮುಂದೆಯೂ ಇದು ನಡೆಯುತ್ತದೆ.

ಅದೇ ಕಾಲದಲ್ಲಿ ಇನ್ನೂ ಕೆಲವರು ಬಂದರು. ಕ್ಯಾಥರೀನ್ ರಾಣಿ 1763ರಲ್ಲಿ ಸೈನ್ಯದಲ್ಲಿ ದುಡಿಯಬೇಕಿಲ್ಲ ಅಂತ ಮಾತು ಕೊಟ್ಟು ಜರ್ಮನ್ ರೈತರನ್ನು ರಷ್ಯಾಕ್ಕೆ ಕರೆಸಿದ್ದಳು. 1874ರಲ್ಲಿ ಆ ಮಾತು ಮುರಿಯಿತು. ಸಾವಿರಾರು ಕುಟುಂಬಗಳು ಕಾನ್ಸಾಸ್, ನೆಬ್ರಾಸ್ಕಾ, ಡಕೋಟಾ ಕಡೆ ಹೊರಟವು. ಅವರಲ್ಲಿ ಮೆನೊನೈಟ್ ಪಂಥದವರು ಚಳಿ ತಡೆಯುವ ಕೆಂಪು ಗೋಧಿ ತಂದು ಕಾನ್ಸಾಸ್‌ನಲ್ಲಿ ಬಿತ್ತಿದರು. ಆ ರಾಜ್ಯ ಗೋಧಿಯ ಕಣಜ ಆಗಿದ್ದರ ಹಿಂದೆ ಈ ಬೀಜವಿದೆ. ಕೌಬಾಯ್ ಸಿನಿಮಾಗಳಲ್ಲಿ ಖಾಲಿ ಬೀದಿಯಲ್ಲಿ ಗಾಳಿಗೆ ಉರುಳಿಕೊಂಡು ಹೋಗುವ ಒಣ ಮುಳ್ಳುಗಿಡದ ಉಂಡೆ ನೋಡಿದ್ದೀರಲ್ಲ? ಅದೂ 1870ರ ದಶಕದಲ್ಲಿ ರಷ್ಯಾದಿಂದ ಬಂದ ಅಗಸೆ ಬೀಜದೊಳಗೆ ಸೇರಿಕೊಂಡು ಸೌತ್ ಡಕೋಟಾಕ್ಕೆ ಬಂದ ಕಳೆ. ಈಗ ಅದು ಅಮೆರಿಕದ ಪಶ್ಚಿಮದ ಗುರುತೇ ಆಗಿಬಿಟ್ಟಿದೆ.

ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಊರುಗಳಲ್ಲಿರುವ ಎಷ್ಟೋ ‘ರಷ್ಯನ್’ ಚರ್ಚುಗಳನ್ನು ಕಟ್ಟಿದವರು ರಷ್ಯಾ ಕಂಡವರೇ ಅಲ್ಲ. ಅವರು ಆಗಿನ ಆಸ್ಟ್ರಿಯಾ-ಹಂಗೇರಿಯ ಬೆಟ್ಟಗಳಿಂದ ಬಂದ ರುಸಿನ್ ಜನ. ಮತ್ತೆ ಅದೇ ಪದದ ಗೊಂದಲ ನೋಡಿ.

## ಕ್ರಾಂತಿ ಆಯಿತು, ‘ಬಿಳಿಯರು’ ಬಂದರು

1917ರಲ್ಲಿ ಝಾರ್ ಆಡಳಿತ ಉರುಳಿತು, ಅದೇ ವರ್ಷದ ಕೊನೆಗೆ ಬೊಲ್ಶೆವಿಕರು, ಅಂದರೆ ಲೆನಿನ್ ಕಡೆಯ ಕಮ್ಯುನಿಸ್ಟರು, ಅಧಿಕಾರ ಹಿಡಿದರು. ಅಂತರ್ಯುದ್ಧ ಶುರುವಾಯಿತು. ಬೊಲ್ಶೆವಿಕರ ಸೈನ್ಯ ‘ಕೆಂಪು’, ಅವರ ವಿರೋಧಿಗಳು ‘ಬಿಳಿ’. ಇಲ್ಲಿ ಬಿಳಿ ಅಂದರೆ ಮೈಬಣ್ಣ ಅಲ್ಲ, ಪಕ್ಷದ ಗುರುತು. ಅಮೆರಿಕ ಕೂಡ 1918ರಿಂದ 1920ರವರೆಗೆ ಆರ್ಖಾಂಗೆಲ್ಸ್ಕ್ ಮತ್ತು ವ್ಲಾಡಿವೋಸ್ಟಾಕ್‌ಗೆ ಸೈನಿಕರನ್ನು ಕಳಿಸಿತ್ತು. ಅಮೆರಿಕದವರಿಗೆ ಇದು ಮರೆತೇ ಹೋಗಿದೆ. ರಷ್ಯಾದವರಿಗೆ ಹೋಗಿಲ್ಲ.

ಸೋತ ಬಿಳಿಯರು ದೇಶ ಬಿಟ್ಟರು. ಸೋವಿಯತ್ ಸರ್ಕಾರ ಅವರ ಪೌರತ್ವ ಕಿತ್ತುಹಾಕಿತು. ಯಾವ ದೇಶಕ್ಕೂ ಸೇರದ ಇಂಥವರಿಗಾಗಿ ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಶನ್ಸ್ 1922ರಲ್ಲಿ ‘ನಾನ್ಸೆನ್ ಪಾಸ್‌ಪೋರ್ಟ್’ ಅನ್ನುವ ಗುರುತಿನ ಪತ್ರ ತಂದಿತು. ನಿರಾಶ್ರಿತರ ಅಂತರರಾಷ್ಟ್ರೀಯ ದಾಖಲೆ ಅನ್ನುವುದೇ ಅಲ್ಲಿಂದ ಶುರು.

ಅಮೆರಿಕಕ್ಕೆ ಬಂದವರು ಸಂಖ್ಯೆಯಲ್ಲಿ ಕಡಿಮೆ, ಯಾಕೆಂದರೆ 1921 ಮತ್ತು 1924ರ ಕೋಟಾ ಕಾನೂನುಗಳು ಪೂರ್ವ ಯುರೋಪಿನವರಿಗೆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿದವು. ಆದರೆ ಬಂದವರು ಎಂಥವರು! ಕೀವ್‌ನಲ್ಲಿ ಹುಟ್ಟಿದ ಇಗೋರ್ ಸಿಕೋರ್ಸ್ಕಿ 1919ರಲ್ಲಿ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ವಲಸೆ ಬಂದ ಗೆಳೆಯರನ್ನು ಕೂಡಿಸಿಕೊಂಡು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನ ಕೋಳಿ ಫಾರಂ ಒಂದರಲ್ಲಿ ವಿಮಾನ ಕಟ್ಟಲು ಶುರು ಮಾಡಿದರು. ದುಡ್ಡು ಮುಗಿದು ಕೆಲಸ ನಿಂತಾಗ ಸಂಗೀತಗಾರ ಸೆರ್ಗೆಯ್ ರಹ್ಮಾನಿನೊವ್ 5,000 ಡಾಲರ್ ಕೊಟ್ಟರು. ರಹ್ಮಾನಿನೊವ್ ಕೂಡ ಎಲ್ಲ ಬಿಟ್ಟು ಬಂದವರೇ, ಊರೂರಲ್ಲಿ ಪಿಯಾನೊ ಕಛೇರಿ ನಡೆಸಿ ಸಂಸಾರ ಸಾಕುತ್ತಿದ್ದರು. ಅದೇ ಸಿಕೋರ್ಸ್ಕಿ 1939ರಲ್ಲಿ ಹಾರಿಸಿದ ಹೆಲಿಕಾಪ್ಟರ್‌ನ ಮಾದರಿಯೇ ಇವತ್ತಿಗೂ ಬಳಕೆಯಲ್ಲಿರುವುದು: ಮೇಲೊಂದು ದೊಡ್ಡ ರೆಕ್ಕೆ, ಬಾಲದಲ್ಲೊಂದು ಚಿಕ್ಕದು.

ನಮ್ಮ ಕರ್ನಾಟಕದಲ್ಲಿ ಸಿವಿಲ್, ಮೆಕ್ಯಾನಿಕಲ್ ಓದಿದವರಿಗೆ ಟಿಮೊಶೆಂಕೊ ಹೆಸರು ಗೊತ್ತೇ ಇರುತ್ತದೆ. ತೊಲೆ ಎಷ್ಟು ಬಾಗುತ್ತದೆ ಅನ್ನುವ ಲೆಕ್ಕ ಕಲಿಸಿದ ಆ ಸ್ಟೀಫನ್ ಟಿಮೊಶೆಂಕೊ ಈಗಿನ ಉಕ್ರೇನಿನಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟು, 1922ರಲ್ಲಿ ಅಮೆರಿಕ ಸೇರಿ, ಸ್ಟಾನ್‌ಫರ್ಡ್‌ನಲ್ಲಿ ಪಾಠ ಮಾಡಿದವರು.

ಇನ್ನೊಂದು ಕೊಂಡಿ ಬೆಂಗಳೂರಿನದು. ಕಲಾವಿದ ನಿಕೊಲಾಯ್ ರೋರಿಕ್ ಕ್ರಾಂತಿಯ ನಂತರ 1920ರಲ್ಲಿ ನ್ಯೂಯಾರ್ಕಿಗೆ ಬಂದರು, ಅಲ್ಲಿ ಇವತ್ತಿಗೂ ಅವರ ಹೆಸರಿನ ಮ್ಯೂಸಿಯಂ ಇದೆ. ಆಮೇಲೆ ಕುಟುಂಬ ಹಿಮಾಲಯದ ಕುಲು ಕಣಿವೆಗೆ ಬಂತು. ನ್ಯೂಯಾರ್ಕಿನಲ್ಲಿ ಓದಿದ ಮಗ ಸ್ವೆತೊಸ್ಲಾವ್ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್‌ನಲ್ಲಿ ನೆಲೆಸಿದರು. 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳ ಮುಂದೆ ನಿಂತವರು ಈ ವಲಸೆಯ ಒಂದು ತುದಿಯನ್ನೇ ನೋಡಿದ್ದಾರೆ.

ಸರ್ಕಾರಗಳ ಕತೆಗೆ ಬಂದರೆ, ಅಮೆರಿಕ 1933ರ ನವೆಂಬರ್‌ವರೆಗೆ ಸೋವಿಯತ್ ಒಕ್ಕೂಟವನ್ನು ಒಂದು ದೇಶ ಅಂತಲೇ ಒಪ್ಪಲಿಲ್ಲ. ಹದಿನಾರು ವರ್ಷ ರಾಯಭಾರಿಗಳಿಲ್ಲ. ಆದರೆ ಅದೇ ಅವಧಿಯಲ್ಲಿ, 1921ರ ಭೀಕರ ಬರಗಾಲದಲ್ಲಿ, ಹರ್ಬರ್ಟ್ ಹೂವರ್ ನಡೆಸುತ್ತಿದ್ದ ಅಮೆರಿಕದ ಪರಿಹಾರ ಸಂಸ್ಥೆ ರಷ್ಯಾದಲ್ಲಿ ಗಂಜಿ ಕೇಂದ್ರ ತೆರೆದು, ಒಂದು ಹಂತದಲ್ಲಿ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನರಿಗೆ ಊಟ ಹಾಕಿತು.

## ಒಂದೇ ಪಕ್ಷದಲ್ಲಿ ನಿಂತ ನಾಲ್ಕು ವರ್ಷ

ಎರಡನೇ ಮಹಾಯುದ್ಧದಲ್ಲಿ ಹಿಟ್ಲರ್ ಇಬ್ಬರಿಗೂ ಶತ್ರು. ಅಮೆರಿಕ ಸಾಲದ ಲೆಕ್ಕದಲ್ಲಿ ಲಾರಿ, ಬೂಟು, ಡಬ್ಬಿ ಮಾಂಸ, ವಿಮಾನ ಎಲ್ಲ ಕಳಿಸಿತು. ಲಾರಿ ಜೀಪುಗಳೇ ಸುಮಾರು 4 ಲಕ್ಷ. ಹೆಚ್ಚುಕಡಿಮೆ 8,000 ವಿಮಾನಗಳು ಅಲಾಸ್ಕಾ ದಾರಿಯಾಗಿ ಹೋದವು. ಅಮೆರಿಕದ ಪೈಲಟ್‌ಗಳು ಫೇರ್‌ಬ್ಯಾಂಕ್ಸ್‌ವರೆಗೆ ತಂದು ಕೊಡುತ್ತಿದ್ದರು, ಅಲ್ಲಿಂದ ಸೋವಿಯತ್ ಪೈಲಟ್‌ಗಳು ಬೇರಿಂಗ್ ಜಲಸಂಧಿ ದಾಟಿಸಿ ಒಯ್ಯುತ್ತಿದ್ದರು. 1945ರ ಏಪ್ರಿಲ್ 25ರಂದು ಜರ್ಮನಿಯ ಎಲ್ಬ್ ನದಿಯ ದಂಡೆಯಲ್ಲಿ ಎರಡೂ ಸೈನ್ಯ ಕೈ ಕುಲುಕಿದವು.

ಯುದ್ಧ ಮುಗಿದಾಗ ಯುರೋಪಿನ ಶಿಬಿರಗಳಲ್ಲಿ ಲಕ್ಷಾಂತರ ಸೋವಿಯತ್ ಜನ ಸಿಕ್ಕಿಬಿದ್ದಿದ್ದರು. ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮಾಡಿಕೊಂಡಿದ್ದ ಯಾಲ್ಟಾ ಒಪ್ಪಂದದ ಪ್ರಕಾರ ಅವರನ್ನು ವಾಪಸ್ ಕಳಿಸಬೇಕಿತ್ತು. ಸ್ಟಾಲಿನ್ ಜೈಲಿಗೆ ಹಾಕುತ್ತಾನೆಂಬ ಭಯಕ್ಕೆ ಎಷ್ಟೋ ಜನ ನಾವು ಪೋಲೆಂಡಿನವರು ಅಂತ ಸುಳ್ಳು ಹೇಳಿ ಉಳಿದುಕೊಂಡರು. ಹುಟ್ಟಿದ ಊರನ್ನೇ ಮುಚ್ಚಿಟ್ಟು ಬದುಕಬೇಕಾಗಿ ಬಂದ ಆ ಸಂಕಟ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1948ರ ಕಾನೂನು ಇಂಥ ನಿರಾಶ್ರಿತರಿಗೆ ಅಮೆರಿಕದ ಬಾಗಿಲು ತೆರೆಯಿತು. ಅವರಿಗೆ ನೆರವಾದವರಲ್ಲಿ ಟಾಲ್‌ಸ್ಟಾಯ್ ಅವರ ಕಿರಿಯ ಮಗಳು ಅಲೆಕ್ಸಾಂಡ್ರಾ ಒಬ್ಬರು. 1939ರಲ್ಲಿ ಅವರು ಶುರು ಮಾಡಿದ ಟಾಲ್‌ಸ್ಟಾಯ್ ಫೌಂಡೇಶನ್ ನ್ಯೂಯಾರ್ಕ್ ಹತ್ತಿರದ ತೋಟವೊಂದರಲ್ಲಿ ಬಂದವರಿಗೆ ತಂಗಲು ಜಾಗ ಕೊಡುತ್ತಿತ್ತು.

ಇನ್ನೊಂದು ಗುಂಪಿನ ದಾರಿ ಇದಕ್ಕಿಂತ ಉದ್ದ. 1600ರ ದಶಕದ ನಡುವಿನಲ್ಲಿ ರಷ್ಯಾದ ಚರ್ಚು ಪೂಜಾ ವಿಧಿಗಳನ್ನು ಬದಲಿಸಿತು. ಎರಡು ಬೆರಳಲ್ಲಿ ಶಿಲುಬೆ ಹಾಕಿಕೊಳ್ಳುತ್ತಿದ್ದವರು ಇನ್ನು ಮೂರು ಬೆರಳು ಬಳಸಬೇಕು ಅಂದಿತು. ಒಪ್ಪದೆ ಉಳಿದವರನ್ನು ‘ಹಳೆ ನಂಬಿಕೆಯವರು’ ಅನ್ನುತ್ತಾರೆ. ಅವರಲ್ಲಿ ಕೆಲವರು ಸೈಬೀರಿಯಾಕ್ಕೆ, ಅಲ್ಲಿಂದ ಚೀನಾಕ್ಕೆ ಓಡಿದರು. ಚೀನಾದಲ್ಲಿ ಕಮ್ಯುನಿಸ್ಟರು ಬಂದ ಮೇಲೆ ಹಾಂಗ್‌ಕಾಂಗ್ ಮೂಲಕ ಬ್ರೆಜಿಲ್, ಅಲ್ಲಿಂದ 1960ರ ದಶಕದಲ್ಲಿ ಅಮೆರಿಕದ ಒರೆಗಾನ್. ಮಕ್ಕಳು ಕೆಡುತ್ತಾರೆ ಅಂತ ಅಲ್ಲಿಂದಲೂ ಹೊರಟು 1968ರಲ್ಲಿ ಅಲಾಸ್ಕಾದಲ್ಲಿ ನಿಕೊಲಾಯೆವ್ಸ್ಕ್ ಅನ್ನುವ ಹಳ್ಳಿ ಕಟ್ಟಿದರು. ಗಂಡಸರು ಗಡ್ಡ ಬಿಟ್ಟು, ಹೆಂಗಸರು ಉದ್ದನೆ ಬಣ್ಣದ ಸರಫಾನ್ ತೊಟ್ಟು, ಮೀನು ಹಿಡಿದು, ತಾವೇ ದೋಣಿ ಕಟ್ಟಿ ಬದುಕಿದರು. ರಷ್ಯಾ ಅಲಾಸ್ಕಾವನ್ನು ಮಾರಿ ನೂರಾ ಒಂದು ವರ್ಷ ಆದಮೇಲೆ, ಭೂಮಿಯನ್ನೇ ಒಂದು ಸುತ್ತು ಹಾಕಿ, ರಷ್ಯನ್ನರು ಮತ್ತೆ ಅಲಾಸ್ಕಾಕ್ಕೆ ಬಂದಿದ್ದರು.

## ಶೀತಲ ಸಮರ: ದೇಶ ಬಿಡುವುದೇ ರಾಜಕೀಯ

ಶೀತಲ ಸಮರ ಅಂದರೆ ನೇರ ಯುದ್ಧ ಇಲ್ಲ, ಆದರೆ ಶಾಂತಿಯೂ ಇಲ್ಲ. 1957ರ ಸ್ಪುಟ್ನಿಕ್, 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು, 1975ರಲ್ಲಿ ಬಾಹ್ಯಾಕಾಶದಲ್ಲಿ ಎರಡೂ ದೇಶದ ನೌಕೆಗಳು ಜೋಡಿಯಾದದ್ದು ನೀವು ಕೇಳಿರುತ್ತೀರಿ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟು: ಸೋವಿಯತ್ ಪ್ರಜೆಗೆ ದೇಶ ಬಿಡುವ ಹಕ್ಕು ಇರಲಿಲ್ಲ, ಸರ್ಕಾರದ ಅನುಮತಿ ಬೇಕಿತ್ತು.

ಸ್ಟಾಲಿನ್‌ನ ಸ್ವಂತ ಮಗಳು ಸ್ವೆತ್ಲಾನಾ ಹೊರಬಿದ್ದದ್ದು ನಮ್ಮ ದೆಹಲಿಯಿಂದ. ಉತ್ತರ ಪ್ರದೇಶದ ಕಾಲಾಕಾಂಕರ್‌ನ ಬ್ರಜೇಶ್ ಸಿಂಗ್ ಅವರ ಸಂಗಾತಿಯಾಗಿದ್ದರು. ಅವರು ಮಾಸ್ಕೊದಲ್ಲಿ ತೀರಿಕೊಂಡಾಗ ಅಸ್ಥಿ ಒಯ್ಯಲು ಸ್ವೆತ್ಲಾನಾಗೆ ಅನುಮತಿ ಸಿಕ್ಕಿತು. 1967ರ ಮಾರ್ಚ್ 6ರ ಸಂಜೆ ದೆಹಲಿಯ ಅಮೆರಿಕ ರಾಯಭಾರ ಕಚೇರಿಗೆ ನಡೆದುಹೋಗಿ ಆಶ್ರಯ ಕೇಳಿದರು.

ಸಾಮಾನ್ಯ ಜನರಿಗೆ ಇಂಥ ದಾರಿ ಇರಲಿಲ್ಲ. ಸೋವಿಯತ್ ಗುರುತಿನ ಪುಸ್ತಕದ ಐದನೇ ಸಾಲಿನಲ್ಲಿ ಕುಲ ಬರೆಯುತ್ತಿದ್ದರು: ರಷ್ಯನ್, ಉಕ್ರೇನಿಯನ್, ಅರ್ಮೇನಿಯನ್. ಯಹೂದಿಗಳಿಗೆ ‘ಯಹೂದಿ’ ಅಂತ. ಆ ಒಂದು ಪದ ಕಾಲೇಜು ಸೀಟಿಗೂ ಕೆಲಸಕ್ಕೂ ಅಡ್ಡ ಬರುತ್ತಿತ್ತು. ಬಿಟ್ಟುಹೋಗಲು ಅರ್ಜಿ ಹಾಕಿದರೆ ಇದ್ದ ಕೆಲಸವೂ ಹೋಗುತ್ತಿತ್ತು, ಅನುಮತಿಯೂ ಸಿಗುತ್ತಿರಲಿಲ್ಲ. ಹೀಗೆ ನಿರಾಕರಣೆಯಲ್ಲೇ ವರ್ಷಗಟ್ಟಲೆ ಕಳೆದವರಿಗೆ ‘ಒತ್ಕಾಜ್ನಿಕ್’ ಅಂತ ಹೆಸರು. 1972ರಲ್ಲಿ, ಓದಿದವರು ಹೋಗಬೇಕಾದರೆ ಓದಿನ ಖರ್ಚು ಕಟ್ಟಿ ಹೋಗಬೇಕು ಅಂತ ಒಂದು ತೆರಿಗೆಯನ್ನೂ ಹಾಕಿದರು.

ಅಮೆರಿಕ ಇದಕ್ಕೆ ವ್ಯಾಪಾರದಿಂದ ಉತ್ತರ ಕೊಟ್ಟಿತು. ತನ್ನ ಜನರನ್ನು ಹೊರಗೆ ಬಿಡದ ಕಮ್ಯುನಿಸ್ಟ್ ದೇಶಕ್ಕೆ ವ್ಯಾಪಾರದ ರಿಯಾಯಿತಿ ಇಲ್ಲ ಅನ್ನುವ ಜಾಕ್ಸನ್-ವಾನಿಕ್ ತಿದ್ದುಪಡಿ 1975ರ ಜನವರಿಯಲ್ಲಿ ಕಾನೂನಾಯಿತು. 1911ರ ಕತೆಯೇ ಮತ್ತೆ ನಡೆದ ಹಾಗೆ.

1970ರ ದಶಕದಲ್ಲಿ ಹೊರಬಂದವರು ವಿಯೆನ್ನಾ, ರೋಮ್ ದಾಟಿ ನ್ಯೂಯಾರ್ಕಿಗೆ ಬಂದರು. ಬ್ರೂಕ್ಲಿನ್‌ನ ದಕ್ಷಿಣದ ತುದಿಯಲ್ಲಿ, ಸಮುದ್ರದ ದಂಡೆಯಲ್ಲಿ, ಬ್ರೈಟನ್ ಬೀಚ್‌ನಲ್ಲಿ ಮನೆಗಳು ಖಾಲಿ ಬಿದ್ದಿದ್ದವು, ಬಾಡಿಗೆ ಕಡಿಮೆ. ಉಕ್ರೇನಿನ ಒಡೆಸ್ಸಾ ಕೂಡ ಕಡಲ ತೀರದ ಊರು. ಹಾಗಾಗಿ ‘ಲಿಟಲ್ ಒಡೆಸ್ಸಾ’ ಅನ್ನುವ ಹೆಸರು ಬಿತ್ತು. ತಲೆ ಮೇಲೆ ಕಬ್ಬಿಣದ ಸೇತುವೆಯಲ್ಲಿ ರೈಲು ಗಡಗಡ ಓಡುತ್ತದೆ. ಕೆಳಗೆ ನೆರಳಲ್ಲಿ ಸಾಲು ಅಂಗಡಿ, ಬೋರ್ಡು ಎಲ್ಲ ಸಿರಿಲಿಕ್ ಲಿಪಿ. ಹೊಗೆ ಹಾಕಿದ ಮೀನು, ಉಪ್ಪಲ್ಲಿ ನೆನೆಸಿದ ಸೌತೆಕಾಯಿ, ಕಡುಬಿನ ಹಾಗೆ ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೆಲ್ಮೆನಿ. ಪಕ್ಕದಲ್ಲೇ ಉಜ್ಬೆಕ್ ಹೋಟೆಲು, ಜಾರ್ಜಿಯಾದ ರೊಟ್ಟಿ. ಮರದ ಹಲಗೆ ಹಾಸಿದ ದಂಡೆಯ ದಾರಿಯಲ್ಲಿ ಅಜ್ಜ ಅಜ್ಜಿಯರು ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ. ಸೋವಿಯತ್ ಒಕ್ಕೂಟದಲ್ಲಿ ಇಡೀ ಜೀವನ ಇವರನ್ನು ‘ನೀವು ರಷ್ಯನ್ನರಲ್ಲ, ಯಹೂದಿಗಳು’ ಅಂತ ದೂರ ಇಟ್ಟರು. ಅಮೆರಿಕದಲ್ಲಿ ಇಳಿದ ದಿನದಿಂದ ಅಕ್ಕಪಕ್ಕದವರು ಇವರನ್ನು ಕರೆದದ್ದು ‘ರಷ್ಯನ್ಸ್’ ಅಂತ!

ಗೂಗಲ್ ಕಟ್ಟಿದವರಲ್ಲಿ ಒಬ್ಬರಾದ ಸೆರ್ಗೆಯ್ ಬ್ರಿನ್ 1979ರಲ್ಲಿ ಆರು ವರ್ಷದ ಹುಡುಗನಾಗಿ ಬಂದದ್ದು ಇದೇ ಅಲೆಯಲ್ಲಿ. ಮುಂದಿನ ದಶಕದ ಕೊನೆಗೆ, 1989ರ ಇನ್ನೊಂದು ಕಾನೂನಿನಿಂದ ಬಾಪ್ಟಿಸ್ಟ್, ಪೆಂಟೆಕೋಸ್ಟಲ್ ಕ್ರೈಸ್ತ ಕುಟುಂಬಗಳೂ ದೊಡ್ಡ ಸಂಖ್ಯೆಯಲ್ಲಿ ಬಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಡೆ ನೆಲೆಸಿದವು. ಅವರಲ್ಲಿ ಉಕ್ರೇನಿನವರು ಬಹಳ.

## 1991ರ ನಂತರ

ಸೋವಿಯತ್ ಒಕ್ಕೂಟ ಒಡೆದ ಮೇಲೆ ಹೋಗಲು ಅಡ್ಡಿ ಇರಲಿಲ್ಲ. ವಿಜ್ಞಾನಿಗಳು, ಸಾಫ್ಟ್‌ವೇರ್‌ನವರು, ವಿದ್ಯಾರ್ಥಿಗಳು, ಹಾಕಿ ಆಟಗಾರರು ಹೋದರು. ಇದು ನಮ್ಮವರ ವಲಸೆಗೆ ಹತ್ತಿರದ್ದು: ಓದು, ಕೆಲಸ, ವೀಸಾ. ಇವರಲ್ಲದೆ ಸುಮಾರು 60 ಸಾವಿರ ರಷ್ಯಾದ ಮಕ್ಕಳನ್ನು ಅಮೆರಿಕದ ಕುಟುಂಬಗಳು ದತ್ತು ತೆಗೆದುಕೊಂಡವು. 2012ರ ಕೊನೆಗೆ ಅಮೆರಿಕ ರಷ್ಯಾದ ಕೆಲವು ಅಧಿಕಾರಿಗಳ ಮೇಲೆ ನಿರ್ಬಂಧ ಹಾಕಿತು. ಅದಕ್ಕೆ ಉತ್ತರವಾಗಿ ರಷ್ಯಾ ಈ ದತ್ತನ್ನೇ ನಿಲ್ಲಿಸಿತು. ಕಾಗದಪತ್ರ ನಡೆಯುತ್ತಿದ್ದ ಮಕ್ಕಳು ಅನಾಥಾಲಯದಲ್ಲೇ ಉಳಿದರು. ಎರಡು ಸರ್ಕಾರಗಳ ಸಿಟ್ಟಿಗೆ ಬೆಲೆ ತೆತ್ತವರು ಅವರು.

2014ರಲ್ಲಿ ಕ್ರಿಮಿಯಾ ವಶ, 2017-18ರಲ್ಲಿ ಒಬ್ಬರು ಇನ್ನೊಬ್ಬರ ಕಾನ್ಸುಲೇಟ್ ಮುಚ್ಚಿಸಿದ್ದು, 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿ. ಬ್ರೈಟನ್ ಬೀಚ್‌ನಲ್ಲಿ ಹೆಸರಲ್ಲಿ ‘ರಷ್ಯಾ’ ಇದ್ದ ಅಂಗಡಿಯೊಂದು ಬೋರ್ಡು ಬದಲಿಸಿತು. ಅಲ್ಲಿನ ಎಷ್ಟೋ ಮನೆಗಳಲ್ಲಿ ಮನೆಮಾತು ರಷ್ಯನ್, ಹುಟ್ಟೂರು ಉಕ್ರೇನಿನಲ್ಲಿ.

2022ರ ಸೆಪ್ಟೆಂಬರ್ 21ರಂದು ಪುಟಿನ್ ಸೈನ್ಯಕ್ಕೆ ಹೊಸದಾಗಿ ಜನ ಸೇರಿಸುವ ಆದೇಶ ಹೊರಡಿಸಿದರು. ಸಾವಿರಾರು ಜನ ಮೆಕ್ಸಿಕೊಗೆ ಹಾರಿ, ಟಿಹುವಾನಾದ ಗಡಿಯಲ್ಲಿ ನಿಂತು ಅಮೆರಿಕದ ಆಶ್ರಯ ಕೇಳಿದರು. ಅಕ್ಟೋಬರ್ ಶುರುವಿನಲ್ಲಿ ಅಲಾಸ್ಕಾದ ಸೇಂಟ್ ಲಾರೆನ್ಸ್ ದ್ವೀಪದ ಗ್ಯಾಂಬೆಲ್ ಅನ್ನುವ ಪುಟ್ಟ ಹಳ್ಳಿಯ ದಂಡೆಗೆ ಒಂದು ಚಿಕ್ಕ ದೋಣಿ ಬಂದು ತಾಗಿತು. ಒಳಗೆ ಇಬ್ಬರು ಗಂಡಸರು. ಯುದ್ಧಕ್ಕೆ ಹೋಗಲಾರೆವು ಅಂತ ಬೇರಿಂಗ್ ಸಮುದ್ರವನ್ನೇ ದಾಟಿ ಬಂದಿದ್ದರು. ಗ್ಯಾಂಬೆಲ್‌ನ ಯೂಪಿಕ್ ಜನರ ನೆಂಟರು ಆಚೆ ದಡದ ರಷ್ಯಾದಲ್ಲೂ ಇದ್ದಾರೆ, ಎರಡೂ ಕಡೆ ಮಾತು ಒಂದೇ. 1948ರಲ್ಲಿ ಗಡಿ ಮುಚ್ಚಿದಾಗ ಅವರು ಬೇರೆಯಾದರು. ದೋಣಿಯಲ್ಲಿ ಬಂದ ಇಬ್ಬರೂ ಸೈಬೀರಿಯಾದ ಮೂಲನಿವಾಸಿಗಳು, ರೂಸ್ಕಿ ಅಲ್ಲ. ಪತ್ರಿಕೆಗಳಲ್ಲಿ ಬಂದ ಸುದ್ದಿ, ‘ಅಲಾಸ್ಕಾಕ್ಕೆ ಓಡಿಬಂದ ಇಬ್ಬರು ರಷ್ಯನ್ನರು.’